ಹಬ್ಬದ ಎಲೆಯೂ ಉಂಡಿಯ ಡಬ್ಬಿಯೂ

ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಹಾಗೆ ಹೇಳಿದ ಹಿರಿಯರೇ ವರುಷದ ಹನ್ನೆರಡು ತಿಂಗಳುಗಳಲ್ಲಿ ಹಬ್ಬವಿಲ್ಲದ ತಿಂಗಳೊಂದನ್ನೂ ನಮಗೆ ಉಳಿಸಿ ಹೋಗಲಿಲ್ಲ. ಯುಗಾದಿಗೆ ಹೋಳಿಗೆ, ಕಾರಹುಣ್ಣಿವೆಗೆ ಕಡಬು, ಪಂಚಮಿಗೆ ಉಂಡಿ, ಚವತಿಗೆ ಮೋದಕ, ದೀಪಾವಳಿಗೆ ಕರಚಿಕಾಯಿ ಚಕ್ಕುಲಿ, ಎಳ್ಳಮಾಸಿಗೆ ಸಜ್ಜಿಯ ರೊಟ್ಟಿ ಶೇಂಗಾ ಹೋಳಿಗೆ, ಸಂಕ್ರಾಂತಿಗೆ ಮಾದಲಿ. ಇವುಗಳ ನಡುವೆ ಎಲ್ಲಿಯಾದರೂ ತೆರಪು ಬಿದ್ದರೆ ಅದನ್ನು ತುಂಬಲಿಕ್ಕೆ ಮದುವೆ, ಮುಂಜಿವೆ, ಕುಬಸ, ತೊಟ್ಟಿಲುಗಳುಂಟು. ಇವೊಂದೂ ಇಲ್ಲದ ದಿನ ಹುಬ್ಬಳ್ಳಿ ಧಾರವಾಡಗಳ ಮಂದಿಗೆ ಸಂಜೆಯ ಗಿರಮಿಟ್ಟು, ಮಿರ್ಚಿ ಭಜಿ ಇದ್ದೇ ಇರುವವು. ಹೀಗಿರುವಾಗ ಮೈಯ ತೂಕ ಇಳಿಸಬೇಕೆಂದು ಪಥ್ಯ ಹಿಡಿದ ಸಂಸಾರಸ್ಥನ ಪಾಡೇನು? ಆರು ದಿನ ನಿಯಮದಿಂದ ಉಂಡವನು ಏಳನೆಯ ದಿನ ಹಬ್ಬದ ಎಲೆಯ ಮುಂದೆ ಕುಳಿತರೆ ಆ ಆರು ದಿನಗಳ ಶ್ರಮ ನೀರಿನಲ್ಲಿ ಹೋಯಿತೋ, ಉಳಿಯಿತೋ? ಇದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಈ ವಿಚಾರ ನಮಗೆ ಬರಿಯ ವಿನೋದದ್ದಲ್ಲ. ನಮ್ಮ ತೀರ್ಥರೂಪರು ಹದಿನಾರು ವರುಷ ಸಕ್ಕರೆಯ ರೋಗದಿಂದ ಬಳಲಿ, ಬಲಗಾಲಿನ ಎರಡು ಬೆರಳುಗಳನ್ನು ಕಳಕೊಂಡು, ಕಣ್ಣು ಮಂಜಾಗಿ ತೀರಿಕೊಂಡರು. ಹೋದ ವರುಷ ಜ್ಯೇಷ್ಠಮಾಸದಲ್ಲಿ ನಮ್ಮ ರಕ್ತವನ್ನು ಪರೀಕ್ಷಿಸಿದ ವೈದ್ಯರು, “ನೀವು ಗೆರೆಯ ಮೇಲೆ ನಿಂತಿದ್ದೀರಿ, 84 ಕಿಲೋ ತೂಕದಲ್ಲಿ ಎಂಟು ಕಿಲೋ ಇಳಿಸಿದರೆ ಈಚೆಯೇ ಉಳಿಯಬಹುದು” ಎಂದರು. ಹುಬ್ಬಳ್ಳಿಯಲ್ಲಿರುವ ನಮ್ಮ ಅಕ್ಕನವರು ಆ ಗೆರೆಯನ್ನು ದಾಟಿ ಐದು ವರುಷಗಳಾಗಿದ್ದವು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನವು ಈ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆಯೆಂದೂ, ಇನ್ನೂ 13 ಕೋಟಿಗೆ ಮಿಕ್ಕಿ ಜನರು ಅದರ ಹೊಸ್ತಿಲಲ್ಲಿರುವರೆಂದೂ ಲೆಕ್ಕ ಹಾಕಿದೆ. ಒಂದೇ ತಾಯಿಯ ಮಕ್ಕಳಾದ ನಾವಿಬ್ಬರು ಈ ಎರಡೂ ಪಂಕ್ತಿಗಳಲ್ಲಿ ಒಬ್ಬೊಬ್ಬರಾಗಿ ಕುಳಿತಿದ್ದೆವು. ಆದುದರಿಂದ ಪಥ್ಯವನ್ನು ಕೂಡಿಯೇ ಮಾಡುವದೆಂದೂ, ಪ್ರತಿ ಶನಿವಾರ ಮುಂಜಾನೆ ತೂಕ ನೋಡಿ ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳುವದೆಂದೂ ನಿಶ್ಚಯಿಸಿದೆವು. ಎರಡೂ ಮನೆಯ ಅಂಕಿಗಳನ್ನು ಒಂದು ವಹಿಯಲ್ಲಿ ಬರೆದಿಡುವ ಕೆಲಸ ನಮ್ಮದಾಯಿತು.

ಪಥ್ಯವೆಂದರೆ ಕಠಿಣ ವ್ರತವೇನೂ ಅಲ್ಲ. ಹೊತ್ತಿಗೆ ಎರಡು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮೊಳಕೆಯ ಕಾಳು, ಮಜ್ಜಿಗೆ, ಅನ್ನ ಹಿಡಿಯಷ್ಟು, ಚಹಕ್ಕೆ ಸಕ್ಕರೆಯಿಲ್ಲ. ಮುಂಜಾನೆ ನಮಗೆ ಕೆಲಗೇರಿ ಕೆರೆಯ ದಂಡೆ, ಅಕ್ಕನವರಿಗೆ ಉಣಕಲ್ ಕೆರೆಯ ದಂಡೆ. ದಿನಕ್ಕೆ ಬೇಕಾದುದಕ್ಕಿಂತ ಸುಮಾರು 500 ಕ್ಯಾಲೊರಿ ಕಡಿಮೆ ಉಣ್ಣುವದೇ ಇದರ ತಿರುಳು. ಶ್ರಾವಣ ಬರುವ ಹೊತ್ತಿಗೆ ನಾವು ಮೂರು ಕಿಲೋ, ಅಕ್ಕನವರು ಎರಡು ಕಿಲೋ ಇಳಿದಿದ್ದೆವು.

ಶ್ರಾವಣದ ಮೊದಲನೆಯ ಶುಕ್ರವಾರ ಬಂದಿತು. ಲಕ್ಷ್ಮಿಯ ಪೂಜೆ, ಹೂರಣದ ಹೋಳಿಗೆ, ಅದರ ಮೇಲೆ ತುಪ್ಪ, ಕಟ್ಟಿನ ಸಾರು, ಚಿತ್ರಾನ್ನ, ಭಜಿ, ಹಪ್ಪಳ, ಸಂಡಿಗೆ. ನಮ್ಮ ಎಲೆಗೆ ನಾಲ್ಕು ಹೋಳಿಗೆ ಬಿದ್ದವು; ಹುಬ್ಬಳ್ಳಿಯಲ್ಲಿ ಅಕ್ಕನವರು ಮೂರು ಉಂಡರು. ಮರುದಿನ ಶನಿವಾರ. ತೂಕದ ಯಂತ್ರವು ನಮಗೆ 1 ಕಿಲೋ 400 ಗ್ರಾಂ, ಅಕ್ಕನವರಿಗೆ 1 ಕಿಲೋ 200 ಗ್ರಾಂ ಹೆಚ್ಚು ತೋರಿಸಿತು. ಫೋನಿನಲ್ಲಿ ಅಕ್ಕನವರ ಧ್ವನಿ ಇಳಿದುಹೋಗಿತ್ತು. “ತಮ್ಮಾ, ಒಂದು ತಿಂಗಳ ವನವಾಸ ಮೂರು ಹೋಳಿಗ್ಯಾಗ ಹೋತಲ್ಲೋ!” ಎಂದರು.

ಹೋಗಿತ್ತೇ? ಲೆಕ್ಕ ನೋಡೋಣ. ಮೈಯಲ್ಲಿ ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಖರ್ಚಾಗುವದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ಒಳಗೆ ಹೋಗಬೇಕೆಂದು ಸ್ಥೂಲವಾಗಿ ಎಣಿಸುವರು. ತುಪ್ಪ ಸವರಿದ ಒಂದು ದೊಡ್ಡ ಹೋಳಿಗೆಗೆ 300 ಕ್ಯಾಲೊರಿ ಎಂದು ಹಿಡಿಯಿರಿ. ಒಂದು ಕಿಲೋ ಕೊಬ್ಬನ್ನು ಒಂದೇ ದಿನದಲ್ಲಿ ಸಂಪಾದಿಸಬೇಕಾದರೆ ದಿನದ ಊಟವನ್ನು ಪೂರ್ತಿ ಉಂಡು, ಅದರ ಮೇಲೆ ಇಪ್ಪತ್ತೈದು ಹೋಳಿಗೆಗಳನ್ನು ತಿನ್ನಬೇಕು. ಹಿಂದಿನ ಕಾಲದ ಪಂಕ್ತಿಗಳಲ್ಲಿ ಪಣ ಕಟ್ಟಿ ಹಾಗೆ ಉಂಡವರ ಕಥೆಗಳನ್ನು ಎಲ್ಲರೂ ಕೇಳಿದ್ದೇವೆ. ಮೂರು ಹೋಳಿಗೆ ಉಂಡ ನಮ್ಮ ಅಕ್ಕನವರು ಆ ಪೈಕಿ ಅಲ್ಲ.

ಹಾಗಾದರೆ ಯಂತ್ರ ತೋರಿಸಿದ ತೂಕ ಯಾವದು? ಅದರ ಬಹುಭಾಗ ನೀರು. ನಾವು ಉಂಡ ಬೆಲ್ಲ, ಬೇಳೆ, ಹಿಟ್ಟುಗಳ ಒಂದಂಶವನ್ನು ಶರೀರವು ಗ್ಲೈಕೊಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಡುವದು. ಪಥ್ಯದಲ್ಲಿರುವವನ ಈ ಕಣಜ ಅರ್ಧ ಬರಿದಾಗಿರುತ್ತದೆ. ಹಬ್ಬದ ದಿನ ಅದು ತುಂಬಿಕೊಳ್ಳುವದು. ಒಂದು ಗ್ರಾಂ ಗ್ಲೈಕೊಜನ್ನಿನ ಸಂಗಡ ಸುಮಾರು ಮೂರು ಗ್ರಾಂ ನೀರು ಕೂಡುತ್ತದೆ. ಕಣಜಕ್ಕೆ 250 ಗ್ರಾಂ ಬಿದ್ದರೆ ನೀರು ಸೇರಿ ಒಂದು ಕಿಲೋ ತೂಕವಾಯಿತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಉಪ್ಪು ಇನ್ನಷ್ಟು ನೀರನ್ನು ಹಿಡಿದು ನಿಲ್ಲಿಸುವದು. ಇನ್ನೂ ಜೀರ್ಣವಾಗದೆ ಹೊಟ್ಟೆಯಲ್ಲಿರುವ ಅನ್ನದ ಭಾರ ಬೇರೆ. ನಮ್ಮ ವಹಿಯೇ ಇದಕ್ಕೆ ಸಾಕ್ಷಿ. ಎಂದಿನ ರೊಟ್ಟಿ ಪಲ್ಯಕ್ಕೆ ಮರಳಿದ ನಾವು ಬುಧವಾರ ಮುಂಜಾನೆ ನೋಡಿದರೆ, ಶುಕ್ರವಾರದ ಮೊದಲಿದ್ದ ತೂಕಕ್ಕಿಂತ 100 ಗ್ರಾಂ ಮಾತ್ರ ಹೆಚ್ಚಿದ್ದೆವು.

ಇಷ್ಟು ಹೇಳಿದ ಮಾತ್ರಕ್ಕೆ ಹಬ್ಬದ ಊಟ ಪುಕ್ಕಟೆ ಬಂದಿತೆಂದು ಯಾರೂ ತಿಳಿಯಬಾರದು. ವಾರದ ಆರು ದಿನ 500ರಂತೆ ಕಡಿಮೆ ಉಂಡವನು 3,000 ಉಳಿಸಿರುತ್ತಾನೆ. ಹಬ್ಬದ ದಿನ ಅವನು 1,500 ಹೆಚ್ಚು ಉಂಡನೆನ್ನಿರಿ. ವಾರದ ಕೊನೆಗೆ ಉಳಿತಾಯ 1,500. ಹಬ್ಬವಿಲ್ಲದಿದ್ದರೆ ಅದು 3,500 ಆಗುತ್ತಿತ್ತು. ಎಂದರೆ ಸುಮಾರು 450 ಗ್ರಾಂ ಇಳಿಯಬೇಕಾದಲ್ಲಿ 200 ಗ್ರಾಂ ಇಳಿದಂತಾಯಿತು. ನಡಿಗೆ ನಿಧಾನವಾಯಿತು, ನಿಲ್ಲಲಿಲ್ಲ. ಅದೇ ವಾರದಲ್ಲಿ ಶುಕ್ರವಾರದ ಹೋಳಿಗೆಯ ಬೆನ್ನಿಗೆ ಶನಿವಾರ ಉಳಿದ ಹೋಳಿಗೆ, ರವಿವಾರ ಬೀಗರ ಮನೆಯ ಊಟ ಎಂದು ಮೂರು ದಿನಗಳಾದರೆ ಮಾತ್ರ ನಾಲ್ಕು ದಿನಗಳ ಉಳಿತಾಯವೆಲ್ಲ ತೀರಿ, ಮೇಲೆ ಸಾಲವೂ ಆಗುವದು. ಹಬ್ಬ ಒಂದು ದಿನದ್ದೋ ಮೂರು ದಿನದ್ದೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈಗ ಉಂಡಿಯ ಡಬ್ಬಿಗೆ ಬರುವೆವು. ನಮ್ಮ ಕಡೆಗೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಜೋಕಾಲಿಯ ಹಬ್ಬ, ಉಂಡಿಯ ಹಬ್ಬ. ಶೇಂಗಾ, ಎಳ್ಳು, ರವೆ, ಬೇಸನ್, ಲಡಕಿ, ಇಷ್ಟು ಬಗೆಯ ಉಂಡಿಗಳನ್ನು ಕಟ್ಟಿ ಡಬ್ಬಿ ತುಂಬಿದಲ್ಲದೆ ಗೃಹಿಣಿಗೆ ಹಬ್ಬ ಮಾಡಿದಂತಾಗದು. ಹೋಳಿಗೆಯ ಗುಣವೇನೆಂದರೆ ಅದು ಅಂದೇ, ಹೆಚ್ಚಾದರೆ ಮರುದಿನ, ಮುಗಿದುಹೋಗುತ್ತದೆ. ಉಂಡಿಯ ಗುಣ ಅದಲ್ಲ. ಅದು ಕೆಡುವದಿಲ್ಲ. ಮೂರು ವಾರ ಡಬ್ಬಿಯಲ್ಲಿದ್ದು ದಿನಾಲು ಕೈಗೆ ಸಿಕ್ಕುತ್ತಿರುತ್ತದೆ. ನಮ್ಮ ಮನೆಯಲ್ಲಿ ಮಕ್ಕಳೂ ಅವರ ಗೆಳೆಯರೂ ಸೇರಿ ಎಂಟು ದಿನದಲ್ಲಿ ಡಬ್ಬಿಯನ್ನು ಬರಿದು ಮಾಡಿದರು. ಅಕ್ಕನವರ ಮನೆಯ ಕಥೆ ಬೇರೆಯಾಗಿತ್ತು. ಮಗಳು ಮದುವೆಯಾಗಿ ಬೆಳಗಾವಿಗೆ ಹೋದಳು, ಮಗನಿಗೆ ಪುಣೆಯಲ್ಲಿ ನೌಕರಿ. ಭಾವನವರು ಸಿಹಿ ಮುಟ್ಟುವವರಲ್ಲ. ಆದರೂ ಉಂಡಿಯ ಲೆಕ್ಕ ಮನೆತುಂಬ ಮಂದಿ ಇದ್ದ ಕಾಲದ್ದೇ. ಹೊಸಿಲಲ್ಲಿ ಮಕ್ಕಳು ಬಂದು ನಿಂತಾವೆಂಬ ಆಸೆಯೇ ಆ ಸೇರುಗಳನ್ನು ಅಳೆಯುತ್ತಿತ್ತೆಂದು ನಮಗೆ ತೋರುತ್ತದೆ. ಚಿಗರಿ ಬಸ್ಸಿನಲ್ಲಿ ಕೂತು ಇಪ್ಪತ್ತು ಕಿಲೋಮೀಟರು ದಾಟಿ ಧಾರವಾಡಕ್ಕೆ ಬಂದ ಒಂದು ಡಬ್ಬಿ ನಮ್ಮ ಪಾಲಿನದು. ಉಳಿದದ್ದು ಅಲ್ಲಿಯೇ ಉಳಿಯಿತು.

ಶ್ರಾವಣದ ಮೂರು ವಾರ ಅಕ್ಕನವರ ತೂಕ 69 ಕಿಲೋಗಳಿಂದ ಕದಲಲಿಲ್ಲ. “ನಾ ಏನ್ ಹಬ್ಬಾ ಮಾಡೇನೋ? ಎಲ್ಯಾಗ ಒಂದು ಹೋಳಿಗೀನೂ ಹಾಕ್ಕೊಂಡಿಲ್ಲ ಆ ಮ್ಯಾಲೆ” ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ಮೊದಲಿನ ಶುಕ್ರವಾರದ ಭಯದಿಂದ ಮುಂದಿನ ಎರಡು ಶುಕ್ರವಾರ ಅವರು ಹೋಳಿಗೆ ಮಾಡಿ ಬಡಿಸಿದರೇ ಹೊರತು ತಾವು ಮುಟ್ಟಲಿಲ್ಲ. ಆದರೆ ಮುಂಜಾನೆ ಚಹದ ಸಂಗಡ ಒಂದು ಉಂಡಿ, ಮಧ್ಯಾಹ್ನ ಪಾತ್ರೆ ತೊಳೆದು ಕುಳಿತಾಗ ಇನ್ನೊಂದು. “ಹಂಗ ಇಟ್ರ ಖಮಟ ಆಗತಾವಲ್ಲಾ” ಎಂಬುದು ಅವರ ಸಮಾಧಾನ. ಶೇಂಗಾ ಉಂಡಿಯೊಂದಕ್ಕೆ ಸುಮಾರು 180 ಕ್ಯಾಲೊರಿ. ದಿನಕ್ಕೆ ಎರಡರಂತೆ 360. ಇಪ್ಪತ್ತೊಂದು ದಿನಗಳಿಗೆ 7,560. ಹೆಚ್ಚುಕಡಿಮೆ ಒಂದು ಕಿಲೋ ಕೊಬ್ಬಿನ ಬೆಲೆ. ಹೋಳಿಗೆ ಒಂದೇ ರಾತ್ರಿಯಲ್ಲಿ ಯಂತ್ರದ ಮುಳ್ಳನ್ನು ಮೇಲೆ ಹಾರಿಸಿ ಹೆದರಿಸಿತು, ನಾಲ್ಕು ದಿನದಲ್ಲಿ ಇಳಿದುಹೋಯಿತು. ಉಂಡಿ ಯಾರನ್ನೂ ಹೆದರಿಸದೆ, ಇಳಿಯಬೇಕಾದ ತೂಕವನ್ನು ದಿನಾಲು ಇಷ್ಟಿಷ್ಟಾಗಿ ತಡೆದು ನಿಲ್ಲಿಸಿತು. ಹೆದರಿಕೆ ಹೋಳಿಗೆಗೂ ಸಲುಗೆ ಉಂಡಿಗೂ ಸಂದಿತು.

ಅದಕ್ಕಿಂತ ಕೆಟ್ಟದ್ದು ಪ್ರಾಯಶ್ಚಿತ್ತ. ಹಬ್ಬದ ಊಟವನ್ನು ಉಪವಾಸದಿಂದ ತೀರಿಸಿಬಿಡಬೇಕೆಂಬ ಹಟ ಅಕ್ಕನವರಿಗೆ ಹಿಡಿಯಿತು. ಶ್ರಾವಣ ಸೋಮವಾರ ಹಗಲೆಲ್ಲ ನಿರಾಹಾರ, ರಾತ್ರಿ ಶೇಂಗಾ ಪುಡಿ ಹಾಕಿದ ಸಾಬುದಾಣಿಯ ಖಿಚಡಿ. ಸಕ್ಕರೆಯ ಗುಳಿಗೆಯನ್ನು ಮಾತ್ರ ಎಂದಿನಂತೆ ಮುಂಜಾನೆಯೇ ನುಂಗಿದ್ದರು. ಎರಡನೆಯ ಸೋಮವಾರ ಸಂಜೆ ನಾಲ್ಕರ ಹೊತ್ತಿಗೆ ಕೈ ನಡುಗಿ, ಮೈಯೆಲ್ಲ ಬೆವರಿ, ಮಾತು ತೊದಲಿತು. ನೆರೆಮನೆಯ ತಾಯಿಯೊಬ್ಬರು ಸಕ್ಕರೆಯ ನೀರನ್ನು ಕುಡಿಸಿದ್ದರಿಂದ ಚೇತರಿಸಿಕೊಂಡರು. ಸುದ್ದಿ ತಿಳಿದು ನಾವು ಹುಬ್ಬಳ್ಳಿಗೆ ಧಾವಿಸುವಾಗ ತೀರ್ಥರೂಪರ ಕಡೆಯ ದಿನಗಳು ಕಣ್ಣ ಮುಂದೆ ನಿಂತಿದ್ದವು. ರಕ್ತದ ಸಕ್ಕರೆಯನ್ನು ಇಳಿಸುವ ಕೆಲವು ಗುಳಿಗೆಗಳನ್ನೂ ಇನ್ಸುಲಿನ್ನನ್ನೂ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ತೀರ ಕೆಳಗಿಳಿದು ಪ್ರಾಣಕ್ಕೇ ಸಂಚಕಾರ ಬರಬಹುದೆಂದು ವೈದ್ಯರು ಅಂದು ಅಕ್ಕನವರಿಗೆ ತಿಳಿಸಿ ಹೇಳಿದರು. ಉಪವಾಸ ಮಾಡಲೇಬೇಕೆಂಬವರು ಮೊದಲು ವೈದ್ಯರನ್ನು ಕೇಳಿ ಔಷಧದ ವೇಳೆಯನ್ನೂ ಪ್ರಮಾಣವನ್ನೂ ಗೊತ್ತು ಮಾಡಿಕೊಳ್ಳತಕ್ಕದ್ದು. ಈ ಒಂದು ಮಾತನ್ನು ಓದಿ ಮರೆಯಬಾರದೆಂದು ಪ್ರಾರ್ಥನೆ.

ಒಂದು ಊಟ ಪಥ್ಯವನ್ನು ಹೇಗೆ ಕೆಡಿಸುವದೆಂಬುದನ್ನು ಮನಃಶಾಸ್ತ್ರದವರು ಬಹುಕಾಲದಿಂದ ನೋಡುತ್ತ ಬಂದಿರುವರು. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಇಬ್ಬರು ವಿದ್ಯಾರ್ಥಿನಿಯರ ಮೇಲೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಬಳಿಕ ಎಲ್ಲರ ಮುಂದೆ ಐಸ್‌ಕ್ರೀಮು ಇಟ್ಟು ರುಚಿ ನೋಡಲು ಹೇಳಿದರು. ಪಥ್ಯದ ಚಿಂತೆಯಿಲ್ಲದವರು ಮೊದಲು ಕುಡಿದಿದ್ದರೆ ಐಸ್‌ಕ್ರೀಮನ್ನು ಕಡಿಮೆ ತಿಂದರು. ತಿನ್ನುವದನ್ನು ಸದಾ ಬಿಗಿಹಿಡಿದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಮತ್ತಷ್ಟು ಹೆಚ್ಚು ತಿಂದರು. ಹೇಗೂ ನಿಯಮ ಮುರಿಯಿತು, ಇನ್ನೇನಂತೆ ಎಂಬ ಭಾವವೇ ಇದಕ್ಕೆ ಕಾರಣವೆಂದು ಬಗೆಯುವರು. ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂಬ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ. ಎರಡು ಹೋಳಿಗೆಯಿಂದ ಪಥ್ಯ ಮುಳುಗಲಿಲ್ಲವೆಂದು ತಿಳಿದವನು ದಂಡೆಗೆ ಬರುವನು. ಮುಳುಗಿತೆಂದು ತಿಳಿದವನು ಡಬ್ಬಿಯ ಮುಚ್ಚಳ ತೆರೆಯುವನು.

ಹಬ್ಬದ ದಿನಗಳನ್ನು ಹಗುರಾಗಿ ಎಣಿಸಬಾರದೆಂದು ಹೇಳುವ ಪ್ರಮಾಣಗಳೂ ಉಂಟು. ಅಮೇರಿಕದಲ್ಲಿ 195 ಜನರ ತೂಕವನ್ನು ನೋಡಿ 2000ನೆಯ ಇಸವಿಯಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕ್ರಿಸ್ತಜಯಂತಿಯ ಸುತ್ತಿನ ಹಬ್ಬದ ವಾರಗಳಲ್ಲಿ ಹೆಚ್ಚಿದ ತೂಕ ಸರಾಸರಿ 370 ಗ್ರಾಂ ಮಾತ್ರ ಎಂದು ಕಂಡಿತು. ಅಲ್ಪವೇ ಸರಿ. ಆದರೆ ಹಬ್ಬ ಕಳೆದ ಮೇಲೆ ಆ ಅಲ್ಪ ಇಳಿಯಲಿಲ್ಲವೆಂಬುದೇ ಅಲ್ಲಿಯ ಮುಖ್ಯ ಸಂಗತಿ. ಹತ್ತು ವರುಷ ಹಾಗೆ ಕೂಡುತ್ತ ಹೋದರೆ ಮೂರು ನಾಲ್ಕು ಕಿಲೋಗಳಾದವು. ನಡುವಯಸ್ಸಿನಲ್ಲಿ ನಡುವು ದಪ್ಪವಾಗುವ ರಹಸ್ಯವೂ ಬಹುಶಃ ಇದರಲ್ಲಿಯೇ ಅಡಗಿದೆ. ತೂಕ ಇಳಿಸಿ ಉಳಿಸಿಕೊಂಡವರ ನೋಂದಣಿಯೊಂದು ಅದೇ ದೇಶದಲ್ಲಿ 1994ರಿಂದ ಇದೆ. ವಾರದ ದಿನಗಳಲ್ಲಿಯೂ ರಜೆಯ ದಿನಗಳಲ್ಲಿಯೂ ಒಂದೇ ಬಗೆಯಾಗಿ ಉಣ್ಣುವವರು ತೂಕವನ್ನು ಹೆಚ್ಚು ಸ್ಥಿರವಾಗಿ ಇಟ್ಟುಕೊಂಡರೆಂದು 2004ರಲ್ಲಿ ಅದರಿಂದ ತಿಳಿದುಬಂದಿತು. ಆದುದರಿಂದ ಹಬ್ಬಗಳು ಎಷ್ಟೆಂಬ ಲೆಕ್ಕವಂತೂ ಬೇಕು. ವಾರವಾರವೂ ಒಂದು ನೆವ ಹುಡುಕಿ ಹಬ್ಬ ಮಾಡುವವನಿಗೆ ನಮ್ಮ ಲೇಖನದ ಆಶ್ರಯವಿಲ್ಲ.

ಇನ್ನು ಕೆಲವರು, ನಡುನಡುವೆ ಹೊಟ್ಟೆ ಬಿರಿಯ ಉಂಡರೆ ಜಠರಾಗ್ನಿ ಪ್ರಜ್ವಲಿಸಿ ಕೊಬ್ಬು ಬೇಗನೆ ಕರಗುವದೆಂದು ಹೇಳುವದುಂಟು. ಹಸಿವೆಯನ್ನು ಅಂಕೆಯಲ್ಲಿಡುವ ಲೆಪ್ಟಿನ್ ಎಂಬ ರಸವನ್ನು 1994ರಲ್ಲಿ ಕಂಡುಹಿಡಿದ ಮೇಲೆ ಈ ಮಾತಿಗೆ ಬಲ ಬಂದಿತು. ಪಥ್ಯದಲ್ಲಿ ಅದು ಇಳಿಯುವದೂ, ಹೆಚ್ಚು ಉಂಡಾಗ ತುಸು ಏರುವದೂ ನಿಜ. ಆದರೆ ಒಂದು ದಿನದ ಆ ಏರಿಕೆ ಸ್ವಲ್ಪ ಕಾಲದ್ದು. ಅಂದು ಹೆಚ್ಚಾಗಿ ಉಂಡದ್ದನ್ನು ತೀರಿಸುವಷ್ಟು ಶಕ್ತಿ ಅದಕ್ಕಿಲ್ಲ. ಆಸ್ಟ್ರೇಲಿಯದಲ್ಲಿ ದಪ್ಪ ಮೈಯ ಪುರುಷರ ಮೇಲೆ ನಡೆದು 2017ರಲ್ಲಿ ಹೊರಬಂದ ಅಧ್ಯಯನದಲ್ಲಿ ಎರಡು ವಾರ ಪಥ್ಯ, ಎರಡು ವಾರ ವಿರಾಮ ಮಾಡಿದವರು ಎಡೆಬಿಡದೆ ಪಥ್ಯ ಮಾಡಿದವರಿಗಿಂತ ಹೆಚ್ಚು ಇಳಿದದ್ದುಂಟು. ಅಲ್ಲಿಯ ವಿರಾಮದಲ್ಲಿ ಹೋಳಿಗೆಯ ಹಬ್ಬವಿರಲಿಲ್ಲ. ತೂಕ ಏರದೆ ಇಳಿಯದೆ ನಿಲ್ಲುವಷ್ಟು ಅಳೆದು ಉಂಡರು. ಹಬ್ಬವನ್ನು ಔಷಧವೆಂದು ಕರೆಯುವದು ಬೇಡ. ಅದು ಹಬ್ಬವಾಗಿದ್ದರೆ ಸಾಕು.

ಸೋಮವಾರದ ಆ ಪ್ರಸಂಗವಾದ ಮೇಲೆ ಅಕ್ಕನವರೂ ನಾವೂ ಕುಳಿತು ಚವತಿಯಿಂದ ದೀಪಾವಳಿಯವರೆಗಿನ ಹಬ್ಬಗಳನ್ನು ಪಂಚಾಂಗದಲ್ಲಿ ಗುರುತಿಸಿದೆವು. ಚವತಿ, ದಸರೆ, ಶೀಗಿಹುಣ್ಣಿವೆ, ದೀಪಾವಳಿಯಲ್ಲಿ ಒಂದು ದಿನ, ಬೀಗರ ಮನೆಯ ಒಂದು ಮದುವೆ; ಈ ಐದನ್ನು ಹಬ್ಬವೆಂದು ಒಪ್ಪಿದೆವು. ಆ ದಿನಗಳಲ್ಲಿ ಎಲೆಯ ಮುಂದೆ ಎಲ್ಲರ ಸಂಗಡ ಕುಳಿತು, ಬಡಿಸಿದ್ದನ್ನು ಸಂತೋಷದಿಂದ ಉಣ್ಣುವದು. ಅಕ್ಕನವರು ಮಾತ್ರ ವೈದ್ಯರು ಗೊತ್ತು ಮಾಡಿಕೊಟ್ಟ ಅಳತೆಯಲ್ಲಿ, ಒಂದು ಹೋಳಿಗೆ, ಅನ್ನ ಬಿಟ್ಟು. ಎಲೆ ತೆಗೆದ ಮೇಲೆ ಹಬ್ಬ ಮುಗಿಯಿತು. ಉಳಿದದ್ದನ್ನು ಅಂದು ಸಂಜೆಯೇ ಮನೆಯಿಂದ ಹೊರಗೆ ಕಳಿಸುವದು. ಮನೆಗೆಲಸಕ್ಕೆ ಬರುವವರು, ನೆರೆಯ ಮಕ್ಕಳು, ವಿದ್ಯಾರ್ಥಿಗಳ ಕೋಣೆಗಳು ನಮ್ಮ ಊರಲ್ಲಿ ಕಡಿಮೆಯೇ? ಮರುದಿನ ಉಪವಾಸವಿಲ್ಲ, ಎಂದಿನ ರೊಟ್ಟಿ ಪಲ್ಯ. ನಾಲ್ಕು ದಿನ ತೂಕದ ಯಂತ್ರವನ್ನು ಹತ್ತುವದಿಲ್ಲ. ಸಿಹಿ ಮಾಡುವಾಗ ಮನೆಯಲ್ಲಿರುವ ಬಾಯಿಗಳನ್ನು ಎಣಿಸಿ ಮಾಡುವದು. ಬಂದವರು ಲೈನ್ ಬಜಾರದ ಪೇಢೆಯ ಪೊಟ್ಟಣ ತಂದರೆ ಬಂದವರ ಸಂಗಡವೇ ಬಿಚ್ಚಿ ಹಂಚುವದು.

ಇವುಗಳಲ್ಲಿ ಅತ್ಯಂತ ಕಠಿಣವಾದದ್ದು ಬಾಯಿಗಳನ್ನು ಎಣಿಸುವ ನಿಯಮ. ಸೇರಿನ ಬದಲು ಅರ್ಧ ಸೇರು ಹಿಟ್ಟನ್ನು ಅಳೆದು ಪರಾತಕ್ಕೆ ಸುರಿದ ದಿನ ಅಕ್ಕನವರು ಅರ್ಧ ಗಳಿಗೆ ಸುಮ್ಮನೆ ಕುಳಿತಿದ್ದರೆಂದು ಭಾವನವರು ಹೇಳಿದರು. ಮಕ್ಕಳು ಮನೆಯಲ್ಲಿಲ್ಲವೆಂಬುದನ್ನು ಅಳತೆಯ ಪಾತ್ರೆ ಅಂದು ಮೊದಲ ಸಲ ಒಪ್ಪಿಕೊಂಡಿತು. ದೀಪಾವಳಿಗೆ ಮಗನೂ ಮಗಳೂ ಬಂದರು. ಅಂದು ಅಳತೆ ಮತ್ತೆ ಹಿಂದಿನದಾಯಿತು, ಕರಚಿಕಾಯಿಯ ಪೊಟ್ಟಣಗಳು ಅವರ ಸಂಗಡವೇ ಬೆಳಗಾವಿಗೂ ಪುಣೆಗೂ ಹೋದವು. ದೀಪಾವಳಿಯ ಮರುವಾರ ವಹಿಯಲ್ಲಿ ಬರೆದ ಅಂಕಿಗಳು ಇವು: ನಾವು 78 ಕಿಲೋ, ಅಕ್ಕನವರು 66 ಕಿಲೋ 500 ಗ್ರಾಂ. ಐದು ಹಬ್ಬಗಳನ್ನೂ ಉಂಡಿದ್ದೆವು.

ಎಲ್ಲರಿಗೂ ಈ ಕ್ರಮ ಹೊಂದುವದೆಂದು ನಾವು ಹೇಳಲಾರೆವು. ಹಬ್ಬದ ಎಲೆಯ ಮುಂದೆ ಕುಳಿತರೆ ಕೈ ನಿಲ್ಲದವರು, ಮರೆಯಲ್ಲಿ ತಿಂದು ಮರುಗುವವರು, ತಿಂದದ್ದನ್ನು ಕಕ್ಕಿ ಕಳೆಯುವವರು ಲೆಕ್ಕದ ವಹಿಯನ್ನು ಬಿಟ್ಟು ವೈದ್ಯರ ಕಡೆಗೆ ಹೋಗಬೇಕು. ಅದು ಜಿಹ್ವಾಚಾಪಲ್ಯವಲ್ಲ, ಚಿಕಿತ್ಸೆಯುಳ್ಳ ವ್ಯಾಧಿ. ಬಡಿಸುವ ತಾಯಂದಿರಲ್ಲಿಯೂ ಒಂದು ಬಿನ್ನಹವುಂಟು. ಒಮ್ಮೆ ಉಪಚಾರ ಮಾಡಿರಿ. ಅದು ನಮ್ಮ ನಾಡಿನ ರೀತಿ. ಎಲೆಯ ಮೇಲೆ ಕೈ ಅಡ್ಡ ಬಂದ ಬಳಿಕ ಎರಡನೆಯ ಸಲ ಒತ್ತಾಯ ಬೇಡ. ಮತ್ತು ಎಲ್ಲರೂ ಎದ್ದ ಮೇಲೆ ಉಳಿದದ್ದು ಕೆಡಬಾರದೆಂದು ನಿಮ್ಮ ಎಲೆಗೇ ಬಳಿದುಕೊಳ್ಳಬೇಡಿರಿ. ಹಬ್ಬ ಮಾಡಿದವರಿಗೂ ಹಬ್ಬದ ಎಲೆಯೊಂದು, ಎಲ್ಲರೊಡನೆ, ಬಿಸಿಯಾಗಿರುವಾಗಲೇ ಸಲ್ಲಬೇಕು. ಡಬ್ಬಿ ಮಾತ್ರ ಸಣ್ಣದಿರಲಿ.